ಗಡಿಗೋಪುರಕ್ಕೆ ನಾಲ್ಕು ಸೈಕಲ್

ಬೆಂಗಳೂರು ಸಮತಟ್ಟಾದ ಊರು ಎನ್ನುವವರು ಇಲ್ಲಿ ಸೈಕಲ್ ತುಳಿದವರಲ್ಲ. ಕಾರಿನವರಿಗೆ ಏರು ಎಂಬುದೇ ತಿಳಿಯದು, ಸ್ಕೂಟರಿನವರು ಆಕ್ಸಲರೇಟರ್ ಒಂದಿಷ್ಟು ತಿರುವಿ ಮರೆತುಬಿಡುತ್ತಾರೆ. ಹೆಬ್ಬಾಳದ ಕೆರೆಯ ಕಡೆಯಿಂದ ಬಳ್ಳಾರಿ ರಸ್ತೆ ಹಿಡಿದು ಮೇಖ್ರಿ ಸರ್ಕಲ್ಲಿಗೆ ಹೊರಟ ನಮ್ಮ ಮನೆಯ ನಾಲ್ವರಿಗೆ ಮಾತ್ರ ಊರಿನ ಏರುತಗ್ಗೆಲ್ಲ ತೊಡೆಗಳಿಗೆ ಲೆಕ್ಕ. ಪಶುವೈದ್ಯ ಕಾಲೇಜಿನ ಮರಗಳ ತಂಪಿನಲ್ಲಿ ಹರಟೆ ಜೋರಾಗಿಯೇ ಇರುತ್ತದೆ. ಗಂಗಾನಗರ ಬರುವಷ್ಟರಲ್ಲಿ ಎಲ್ಲರ ಬಾಯಿ ಬಂದ್. ಮಗಳು ಗೇರ್ ಇಳಿಸುತ್ತಾಳೆ. ಗೇರಿಲ್ಲದ ಹಳೇ ಸೈಕಲ್ಲಿನ ನಮ್ಮವರು ಸೀಟು ಬಿಟ್ಟು ಎದ್ದು ನಿಂತು ತುಳಿಯುತ್ತಾರೆ. ಮಗ ಹಾವಿನಂತೆ ಅಡ್ಡಾದಿಡ್ಡಿ ಹೋಗುತ್ತಾನೆ, ಹಾಗೆ ಹೋದರೆ ಏರು ಕಮ್ಮಿ ಆಗುತ್ತದೆಂದು ಅವನ ವಾದ. ವಾದ ಸರಿಯೇ. ರಸ್ತೆ ಮಾತ್ರ ಅವನೊಬ್ಬನದಲ್ಲ.

ಈ ಏರಿನ ತುದಿಯಲ್ಲಿದೆ ನಮ್ಮ ಗುರಿ. ರಮಣ ಮಹರ್ಷಿ ಉದ್ಯಾನದೊಳಗೆ ಬಂಡೆಯ ಮೇಲೆ ನಿಂತ ಕೆಂಪೇಗೌಡರ ಗಡಿಗೋಪುರ. ನಾಲ್ಕು ಗೋಪುರಗಳಲ್ಲಿ ಉತ್ತರದ್ದು ಇದು. ಉಳಿದವು ಹಲಸೂರಿನಲ್ಲಿ, ಲಾಲ್‌ಬಾಗ್ ಬಂಡೆಯ ಮೇಲೆ, ಕೆಂಪಾಂಬುಧಿ ಕೆರೆಯ ಬಳಿ. 1537ರಲ್ಲಿ ಪೇಟೆ ಕಟ್ಟಿದ ಕೆಂಪೇಗೌಡರೇ ಇವನ್ನೂ ನಿಲ್ಲಿಸಿದರೋ, ಆಮೇಲೆ ಬಂದ ಇಮ್ಮಡಿ ಕೆಂಪೇಗೌಡರೋ ಎಂಬ ಚರ್ಚೆ ಇಂದಿಗೂ ಇದೆ. ಊರು ಈ ಗೋಪುರಗಳನ್ನು ದಾಟಿದರೆ ಕೇಡು ಎಂಬ ಮಾತೂ ಜನರ ಬಾಯಲ್ಲಿದೆ. ಸಿಗ್ನಲ್ಲಿನಲ್ಲಿ ಕಾಯುವಾಗ ಅದನ್ನು ಅಲ್ಲಗಳೆಯುವುದು ಕಷ್ಟ.

"ಅಮ್ಮಾ, ಗಡಿ ಅಂದ್ರೆ ಗೆರೆ ಇರಬೇಕಲ್ವಾ?" ಎಂದು ಮಗ ಕೇಳಿದ್ದಕ್ಕೆ ನಮ್ಮವರು ಸದಾಶಿವನಗರದ ಕಡೆ ಕೈ ಮಾಡಿದರು. "ಗೆರೆ ನೀರಿನದು ಕಣೋ. ಆ ಕಡೆ ಬಿದ್ದ ಮಳೆ ಸ್ಯಾಂಕಿ ಕೆರೆ, ವೃಷಭಾವತಿ, ಅರ್ಕಾವತಿ ಅಂತ ಹೋಗಿ ಕಾವೇರಿ ಸೇರುತ್ತೆ. ನಾವು ಹತ್ತಿ ಬಂದ ಕಡೆ ಬಿದ್ದದ್ದು ಹೆಬ್ಬಾಳ, ನಾಗವಾರ ಅಂತ ಇಳಿದು ದಕ್ಷಿಣ ಪಿನಾಕಿನಿಗೆ." ಬೆಂಗಳೂರಿನ ಬೆನ್ನಿನ ಮೇಲೆ ಉತ್ತರ ದಕ್ಷಿಣವಾಗಿ ಹಾದುಹೋಗುವ ದಿಣ್ಣೆಯ ಆಸುಪಾಸಿನಲ್ಲೇ ಈ ಗೋಪುರವಿದೆ. ನಕ್ಷೆಯಲ್ಲಿ ನೋಡಿದ್ದರೆ ನನಗೆ ಇದು ಮರುದಿನಕ್ಕೇ ಮರೆತುಹೋಗುತ್ತಿತ್ತು. ಏದುಸಿರು ಬಿಡುತ್ತಾ ಹತ್ತಿ ಬಂದದ್ದರಿಂದ ನೀರು ಯಾಕೆ ಆ ಕಡೆ ಈ ಕಡೆ ಹಂಚಿಹೋಗುತ್ತದೆ ಎಂಬುದು ಕಾಲಿಗೇ ಅರ್ಥವಾಯಿತು. ಮಗ ಬಾಟಲಿಯ ನೀರನ್ನು ಎರಡೂ ಕಡೆ ಸುರಿದು ಪರೀಕ್ಷೆ ಮಾಡಲು ಹೊರಟಿದ್ದ. ಕುಡಿಯಲು ಉಳಿಸು ಎಂದು ಗದರಿಸಿದೆ.

ಸೈಕಲ್ಲಿನ ವೇಗವೇ ಗಡಿ ನೋಡಲು ತಕ್ಕ ವೇಗ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಡೆದರೆ ಒಂದು ಗೋಪುರಕ್ಕೇ ಹೊತ್ತು ಏರುತ್ತದೆ, ಕಾರಿನಲ್ಲಾದರೆ ಗೋಪುರಗಳ ನಡುವಿನ ಊರೇ ಕಾಣುವುದಿಲ್ಲ. ಯುರೋಪಿನವರು ಇದನ್ನು ಚೆನ್ನಾಗಿ ಬಲ್ಲರು. ಫ್ರಾನ್ಸಿಗೂ ಜರ್ಮನಿಗೂ ನಡುವೆ ಕೈಬದಲಾಗುತ್ತಲೇ ಬಂದ ಸ್ಟ್ರಾಸ್‌ಬರ್ಗಿನಲ್ಲಿ ರೈನ್ ನದಿಗೆ ಪಾದಚಾರಿಗಳಿಗೂ ಸೈಕಲ್ಲಿಗೂ ಅಂತಲೇ ಒಂದು ಸೇತುವೆ ಇದೆ, 2004ರದ್ದು. ಮಕ್ಕಳನ್ನು ಕರೆದುಕೊಂಡು ಫ್ರಾನ್ಸಿನಲ್ಲಿ ತಿಂಡಿ ತಿಂದವರು ಪೆಡಲ್ ತುಳಿಯುತ್ತಾ ಜರ್ಮನಿಯ ಕೇಲ್ ಪಟ್ಟಣಕ್ಕೆ ಹೋಗಿ ಕಾಫಿ ಕುಡಿದು ಬರಬಹುದು. ನಮಗೆ ಅಂಥ ಸೇತುವೆ ಇಲ್ಲ. ಮೇಲ್ಸೇತುವೆಯ ಕೆಳಗಿನ ಸರ್ವಿಸ್ ರಸ್ತೆ ಇದೆ.

ಮೇಖ್ರಿಯಿಂದ ಜಯಮಹಲ್ ರಸ್ತೆ ಹಿಡಿದರೆ ಹಲಸೂರು ದೂರವಲ್ಲ. ಅಲ್ಲಿನ ಗೋಪುರ ಸೇನೆಯ ನೆಲದಲ್ಲಿರುವುದರಿಂದ ಮನಸ್ಸು ಬಂದಾಗ ನುಗ್ಗುವಂತಿಲ್ಲ. ಲಾಲ್‌ಬಾಗಿನಲ್ಲಿ ಸೈಕಲ್ ಹೊರಗೆ ಬೀಗ ಹಾಕಿ ಬಂಡೆ ಹತ್ತಬೇಕು. ಸುಮಾರು 300 ಕೋಟಿ ವರ್ಷದ ಆ ಬಂಡೆಯ ಮೇಲೆ ಗೋಪುರ ನಿನ್ನೆ ಮೊನ್ನೆಯದಾಗಿ ಕಾಣುತ್ತದೆ. ಕೆಂಪಾಂಬುಧಿಯದನ್ನು ಗವಿಪುರದ ಓಣಿಗಳಲ್ಲಿ ಕೇಳಿಕೊಂಡೇ ಹೋಗಬೇಕು. ಸುತ್ತು ಮುಗಿಸಿ ಪೇಟೆಯೊಳಗೆ ಬಂದರೆ ದೊಡ್ಡಪೇಟೆ ಚಿಕ್ಕಪೇಟೆ ಕೂಡುವ ಜಾಗ. ನಾಲ್ಕು ದಿಕ್ಕಿಗೆ ಎತ್ತು ಹೂಡಿ ಉತ್ತು ಬೀದಿ ಗುರುತಿಸಿದ್ದು ಅಲ್ಲಿಂದಲೇ ಎಂಬುದು ಪ್ರತೀತಿ. ಅವೆನ್ಯೂ ರಸ್ತೆಯ ತುದಿಯ ಮೈಸೂರು ಬ್ಯಾಂಕ್ ವೃತ್ತದ ಬಳಿ ಒಂದು ಕಾಲಕ್ಕೆ ಯಲಹಂಕ ಬಾಗಿಲಿತ್ತು. ಅಲ್ಲಿಂದ ಉತ್ತರಕ್ಕೆ ತಿರುಗಿದ ನಮ್ಮ ಸೈಕಲ್ಲುಗಳು ಯಲಹಂಕದ ನಾಡಪ್ರಭುಗಳ ದಿಕ್ಕಿಗೇ ಹೊರಟಂತಾಯಿತು. ಮೇಖ್ರಿ ದಾಟಿದ ಮೇಲೆ ಇಳಿಜಾರು. ಬ್ರೇಕಿನ ಮೇಲೆ ಬೆರಳಿಟ್ಟು, ಪೆಡಲ್ ಮುಟ್ಟದೆ, ಬೆಳಗಿನ ಬೆವರೆಲ್ಲ ಆರುವ ಹಾಗೆ ಜಾರಿಕೊಂಡು ಬರುವ ಆ ಸುಖಕ್ಕಾಗಿಯೇ ಇಷ್ಟೆಲ್ಲ ಹತ್ತುತ್ತೇವೋ ಏನೋ!

ಕೆಳಗೆ ಹೆಬ್ಬಾಳದಲ್ಲಿ ಇನ್ನೂ ಹಳೆಯ ಗಡಿಯೊಂದು ಕಾದಿರುತ್ತದೆ. 2018ರಲ್ಲಿ ಇಲ್ಲಿ ನೆಲ ಅಗೆಯುವಾಗ ಸಿಕ್ಕ ವೀರಗಲ್ಲು ಗಂಗರ ಶ್ರೀಪುರುಷನ ಆಳ್ವಿಕೆಯದು, ಸುಮಾರು ಕ್ರಿ.ಶ. 750ರದ್ದು. ಬೆಂಗಳೂರು ಸೀಮೆಯಲ್ಲಿ ಈವರೆಗೆ ಸಿಕ್ಕ ಕನ್ನಡ ಶಾಸನಗಳಲ್ಲಿ ಅತಿ ಹಳೆಯದು. ಪೆರ್ಬೊಳಲ್ ನಾಡಿನ ಮೇಲೆ ರಟ್ಟವಾಡಿಯ ದಂಡು ಬಂದಾಗ ಕಾದು ಸತ್ತ ಕಿತ್ತಯ್ಯ ಎಂಬವನ ಹೆಸರು ಅದರಲ್ಲಿದೆ. ಪೇಟೆ ಹುಟ್ಟುವುದಕ್ಕೆ ಎಂಟುನೂರು ವರ್ಷ ಹತ್ತಿರ ಇರುವಾಗಲೇ ನಮ್ಮ ಬಡಾವಣೆ ಹಗೆಗಳು ಮೇಲೆ ಬೀಳುವಷ್ಟು ಬಾಳಿನ ಊರಾಗಿತ್ತು ಎಂದಾಯಿತು! ಮಗಳಿಗೆ ಗೋಪುರಗಳಿಗಿಂತ ಈ ಕಲ್ಲೇ ಇಷ್ಟ. ಗೋಪುರ ಕಟ್ಟಿಸಿದವರ ಹೆಸರನ್ನು ಎಲ್ಲರೂ ಬಲ್ಲರು, ಗಡಿ ಕಾಯಲು ಹೋಗಿ ಸತ್ತವನ ಹೆಸರೂ ಉಳಿದಿದೆಯಲ್ಲ ಎನ್ನುತ್ತಾಳೆ. ನಾನೂ ಅವಳ ಪಕ್ಷ.

ನೀವೂ ಹೊರಡುವುದಾದರೆ ಭಾನುವಾರ ಆರಕ್ಕೇ ಮನೆ ಬಿಡಿ. ಎಂಟಾಯಿತೆಂದರೆ ಬಳ್ಳಾರಿ ರಸ್ತೆ ವಿಮಾನ ನಿಲ್ದಾಣದ ಟ್ಯಾಕ್ಸಿಗಳ ಪಾಲು. ಚಿಕ್ಕ ಮಕ್ಕಳನ್ನು ಎಡಗಡೆ ನಡುವೆ ಬಿಟ್ಟು ದೊಡ್ಡವರೊಬ್ಬರು ಹಿಂದೆ ಇರಿ. ಚಕ್ರಗಳಿಗೆ ಹಿಂದಿನ ಸಂಜೆಯೇ ಹವಾ ಹೊಡೆಸಿಡಿ. ಅಷ್ಟು ಬೆಳಿಗ್ಗೆ ಪಂಕ್ಚರ್ ಅಂಗಡಿ ತೆರೆದಿರುವುದಿಲ್ಲ.