ಬಾಗಿಲೊಂದಕ್ಕೆ ಮನಸೋತವಳು

ಮನೆ ಕೊಳ್ಳುವವರು ನೂರು ಬಾರಿ ಯೋಚಿಸುತ್ತಾರೆ. ನೀರಿನ ಅನುಕೂಲ ಹೇಗೆ, ನೆರೆಹೊರೆ ಎಂಥದು, ಮಾಳಿಗೆ ಸೋರುವುದೆ, ಗೋಡೆಗೆ ಗೆದ್ದಲು ಹಿಡಿದಿದೆಯೆ, ಕಾಗದಪತ್ರಗಳು ಸರಿಯಾಗಿವೆಯೆ—ಇಷ್ಟನ್ನೂ ವಿಚಾರಿಸಿದ ಮೇಲೆಯೇ ಬೆಲೆಯ ಮಾತು. ಆದರೆ ಮಾಳಿಗೆ ಕುಸಿದು, ದನಗಳಿಗೂ ಹಂದಿಗಳಿಗೂ ಆಸರೆಯಾಗಿದ್ದ ಒಂದು ಪಾಳುಮನೆಯನ್ನು, ಅದರ ಅಂಗಳದ ಗೋಡೆಯಲ್ಲಿದ್ದ ಒಂದು ಬಾಗಿಲಿಗೆ ಮನಸೋತು, ಸುಮಾರು ಹತ್ತು ವರ್ಷ ಕಾದು ಕೊಂಡುಕೊಂಡ ಹೆಂಗಸೊಬ್ಬಳಿದ್ದಳು. ಆಕೆ ಅಮೆರಿಕದ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್. ಮನೆ ಇದ್ದುದು ಆ ದೇಶದ ನೈಋತ್ಯ ಮೂಲೆಯ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ, ಚಾಮಾ ನದಿಯ ಮೇಲಣ ದಿಬ್ಬದಲ್ಲಿ, ಆಬಿಕ್ಯೂ ಎಂಬ ಹಳ್ಳಿಯಲ್ಲಿ.

ಓಕೀಫ್ ಮರುಭೂಮಿಯ ಮಗಳಲ್ಲ. 1887ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಹಸುರು ಹುಲ್ಲುಗಾವಲಿನ ನಡುವೆ, ಒಕ್ಕಲುತನದ ಮನೆಯಲ್ಲಿ ಹುಟ್ಟಿದವಳು. ಚಿತ್ರ ಕಲಿತಳು, ಚಿತ್ರ ಕಲಿಸುವ ಉಪಾಧ್ಯಾಯಿನಿಯೂ ಆದಳು. 1916ರಲ್ಲಿ ಆಕೆಯ ಇದ್ದಿಲ ರೇಖಾಚಿತ್ರಗಳನ್ನು ನ್ಯೂಯಾರ್ಕಿನ ಪ್ರಸಿದ್ಧ ಛಾಯಾಗ್ರಾಹಕ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ತನ್ನ ಚಿತ್ರಶಾಲೆಯಲ್ಲಿ ಪ್ರದರ್ಶಿಸಿದನು. ವಯಸ್ಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿರಿಯನಾದ ಅವನನ್ನೇ ಆಕೆ 1924ರಲ್ಲಿ ವಿವಾಹವಾದಳು. ಚಳಿಗಾಲ ನ್ಯೂಯಾರ್ಕಿನ ಗಗನಚುಂಬಿ ಕಟ್ಟಡಗಳ ನಡುವೆ, ಬೇಸಗೆ ಗಂಡನ ಮನೆಯವರೊಂದಿಗೆ ಲೇಕ್ ಜಾರ್ಜ್ ಸರೋವರದ ದಡದಲ್ಲಿ. ಹೂವೊಂದನ್ನು ಪಟದ ತುಂಬ ಹಿಗ್ಗಿಸಿ ಬರೆದ ಚಿತ್ರಗಳಿಂದ ಹೆಸರು ಬಂದಿತು, ಹಣವೂ ಬಂದಿತು. ಆದರೆ ಸರೋವರದ ಸುತ್ತಲಿನ ಹಸುರು ಆಕೆಗೆ ಬರಬರುತ್ತ ಉಸಿರು ಕಟ್ಟಿಸತೊಡಗಿತು. ದಾಂಪತ್ಯದಲ್ಲಿಯೂ ಬಿರುಕು ಕಾಣಿಸಿಕೊಂಡಿತ್ತು. ಹೊರಗಿನವರ ಕಣ್ಣಿಗೆ ಎಲ್ಲವೂ ಇದ್ದ ಆ ಕಾಲದಲ್ಲಿಯೇ, ಹೊಸದಾಗಿ ಬರೆಯಲು ತನಗೆ ಏನೂ ಉಳಿದಿಲ್ಲವೇನೋ ಎಂಬ ಭೀತಿ ಆಕೆಯನ್ನು ಕಾಡುತ್ತಿತ್ತು.

1929ರ ಬೇಸಗೆಯಲ್ಲಿ ಆಕೆ ಗೆಳತಿಯೊಬ್ಬಳೊಡನೆ ರೈಲು ಹತ್ತಿ ನ್ಯೂ ಮೆಕ್ಸಿಕೋಗೆ ಹೊರಟಳು. ಆಗ ಆಕೆಗೆ ನಲವತ್ತೊಂದು ವರ್ಷ. ಟಾವೋಸ್ ಎಂಬ ಊರಿನಲ್ಲಿ, ಕಲಾವಿದರನ್ನೂ ಲೇಖಕರನ್ನೂ ಕರೆಸಿ ಆದರಿಸುತ್ತಿದ್ದ ಮೇಬಲ್ ಡಾಡ್ಜ್ ಲೂಹಾನ್ ಎಂಬಾಕೆಯ ಮನೆಯಲ್ಲಿ ಬಿಡಾರ. ಸಮುದ್ರಮಟ್ಟದಿಂದ ಸುಮಾರು 7,000 ಅಡಿ ಎತ್ತರದ ಆ ಪ್ರದೇಶದಲ್ಲಿ ಗಾಳಿ ತೆಳುವಾದುದು, ಒಣಗಿದುದು. ತೇವದ ಮುಸುಕಿಲ್ಲದ್ದರಿಂದ ಹತ್ತಾರು ಮೈಲಿಯಾಚೆಯ ಬೆಟ್ಟವೂ ಕೈಚಾಚಿದರೆ ಸಿಕ್ಕೀತೆಂಬಂತೆ ಕಾಣುತ್ತದೆ. ನೆರಳಿನ ಅಂಚು ಚಾಕುವಿನಿಂದ ಕೊಯ್ದಂತೆ ನೆಟ್ಟಗೆ ಬೀಳುತ್ತದೆ. ಮರುಭೂಮಿಯೆಂದರೆ ಬರಿಯ ಮರಳು ಎಂದು ಭಾವಿಸಿದವರು ಅಲ್ಲಿ ಬೆರಗಾಗುತ್ತಾರೆ. ಕೆಂಪು, ಕಾವಿ, ಅರಿಸಿನ, ನಸುಗುಲಾಬಿ, ಬೂದಿ—ಮಣ್ಣಿನ ಪದರಗಳು ಒಂದರ ಮೇಲೊಂದು ಮಡಿಕೆಯಾಗಿ ಕುಳಿತಿವೆ. ಗಿಡಮರಗಳ ಹೊದಿಕೆ ವಿರಳವಾದ್ದರಿಂದ ಭೂಮಿಯ ಎಲುಬು, ಮಾಂಸ, ಚರ್ಮ ಎಲ್ಲವೂ ತೆರೆದುಕೊಂಡಿವೆ. ಹಸುರಿನಿಂದ ಬೇಸತ್ತ ಕಣ್ಣಿಗೆ ಇದಕ್ಕಿಂತ ಬೇರೆ ಔಷಧ ಬೇಕಿರಲಿಲ್ಲ.

ಆ ನೆಲದಷ್ಟೇ ಆಕೆಯನ್ನು ಸೆಳೆದುದು, ಆ ನೆಲದಿಂದಲೇ ಎದ್ದ ಮನೆಗಳು. ಅಲ್ಲಿಯವರು ಅವುಗಳನ್ನು ‘ಅಡೋಬಿ’ ಮನೆಗಳೆಂದು ಕರೆಯುತ್ತಾರೆ. ಹಸಿ ಇಟ್ಟಿಗೆ ಎಂಬರ್ಥದ ಆ ಮಾತು ಅರಬ್ಬಿಯಿಂದ ಸ್ಪ್ಯಾನಿಷ್ ಭಾಷೆಗೆ, ಸ್ಪೇನಿನಿಂದ ಅಮೆರಿಕಕ್ಕೆ ಬಂದುದು. ಆದರೆ ವಿದ್ಯೆ ಮಾತಿಗಿಂತ ಹಳೆಯದು. ಸ್ಪೇನಿನವರು ಕಾಲಿಡುವ ಎಷ್ಟೋ ಶತಮಾನಗಳ ಮೊದಲೇ ಅಲ್ಲಿನ ಮೂಲನಿವಾಸಿಗಳಾದ ಪ್ವೆಬ್ಲೋ ಜನರು ಕಲಸಿದ ಮಣ್ಣನ್ನು ಕೈಯಿಂದಲೇ ವರಸೆವರಸೆಯಾಗಿ ಏರಿಸಿ ಹಲವು ಅಂತಸ್ತಿನ ಮನೆಗಳನ್ನು ಕಟ್ಟಿದ್ದರು. ಸ್ಪೇನಿನವರು ತಂದುದು ಮರದ ಅಚ್ಚನ್ನು. ಜೇಡಿ, ಮರಳು, ಹುಲ್ಲಿನ ತುಂಡುಗಳನ್ನು ನೀರಿನಲ್ಲಿ ಕಲಸಿ, ಅಚ್ಚಿಗೆ ತುಂಬಿ, ಬಿಸಿಲಿನಲ್ಲಿ ವಾರಗಟ್ಟಲೆ ಒಣಗಿಸಿದರೆ ಇಟ್ಟಿಗೆ ಸಿದ್ಧ. ಗೂಡಿನ ಬೆಂಕಿ ಬೇಕಿಲ್ಲ. ದಪ್ಪ ಗೋಡೆಯ ಮೇಲೆ ತೊಲೆಗಳು, ತೊಲೆಗಳ ಮೇಲೆ ಒತ್ತೊತ್ತಾಗಿ ಕಿರುಗಳ, ಅದರ ಮೇಲೆ ಮಣ್ಣು. ಬಳ್ಳಾರಿ, ಚಿತ್ರದುರ್ಗಗಳ ಕಡೆಯ ಮಾಳಿಗೆ ಮನೆಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಗಲಿನ ಬಿಸಿಲನ್ನು ಗೋಡೆ ನಿಧಾನವಾಗಿ ಹೀರಿಕೊಂಡು ಇರುಳಿನ ಚಳಿಯಲ್ಲಿ ಒಳಗಿನವರಿಗೆ ಹಿಂದಿರುಗಿಸುತ್ತದೆ.

ಟಾವೋಸಿನ ಬಳಿಯಲ್ಲಿಯೇ ಸಂತ ಫ್ರಾನ್ಸಿಸನ ಹೆಸರಿನ ಮಣ್ಣಿನ ಇಗರ್ಜಿಯೊಂದಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪೂರ್ಣಗೊಂಡ ಕಟ್ಟಡ. ಮುಂಭಾಗದಲ್ಲಿ ಶಿಲುಬೆಗಳು, ಗಂಟೆಗಳು, ದ್ವಾರ ಎಲ್ಲವೂ ಉಂಟು. ಓಕೀಫ್ ಅದರ ಬೆನ್ನಿಗೆ ಹೋಗಿ ನಿಂತಳು. ಅಲ್ಲಿ ಬಾಗಿಲಿಲ್ಲ, ಕಿಟಕಿಯಿಲ್ಲ. ದೈತ್ಯಾಕಾರದ ಮಣ್ಣಿನ ಆಸರೆಗೋಡೆಗಳು ಮಲಗಿದ ಪ್ರಾಣಿಯ ತೊಡೆಗಳಂತೆ ನೆಲಕ್ಕೆ ಇಳಿದಿವೆ. ಆಕೆ ಅದನ್ನು ಒಮ್ಮೆ ಬರೆದಳು, ಮತ್ತೊಮ್ಮೆ ಬರೆದಳು, ಮಗದೊಮ್ಮೆ ಬರೆದಳು. ಕೊನೆಗೆ ಇಡೀ ಕಟ್ಟಡವನ್ನು ಬಿಟ್ಟು ಅದರ ಒಂದು ತುಣುಕನ್ನೂ ಆಕಾಶದ ಒಂದು ತುಂಡನ್ನೂ ಮಾತ್ರ ಪಟಕ್ಕೆ ತಂದಳು. ಈ ಚಿತ್ರಗಳಲ್ಲಿ ನೆಲದ ಬಣ್ಣವೂ ಗೋಡೆಯ ಬಣ್ಣವೂ ಒಂದೇ. ಭೂಮಿ ಎಲ್ಲಿ ಮುಗಿಯಿತು, ದೇವರ ಮನೆ ಎಲ್ಲಿ ತೊಡಗಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಆ ಊರಿನ ಜನ ಕಟ್ಟಿದ್ದೂ ಹಾಗೆಯೇ ಅಲ್ಲವೆ?

ಅದೇ ಬೇಸಗೆಯಲ್ಲಿ ಆಕೆ ಫೋರ್ಡ್ ಮೋಟಾರೊಂದನ್ನು ಕೊಂಡು ನಡೆಸಲು ಕಲಿತಳು. ಆ ಮೋಟಾರು ಆಕೆಯ ವಾಹನ ಮಾತ್ರವಾಗಿರಲಿಲ್ಲ, ಚಿತ್ರಶಾಲೆಯೂ ಆಯಿತು. ಬಯಲಿನ ಬಿಸಿಲಿಗೆ ತಲೆಯ ಮೇಲೆ ನೆರಳಿಲ್ಲ. ಗಾಳಿ ಬೀಸಿದರೆ ಪಟ ಹಾರಿಹೋಗುತ್ತದೆ. ಆದ್ದರಿಂದ ಮುಂದಿನ ಆಸನವನ್ನು ತಿರುಗಿಸಿ, ಹಿಂದಿನ ಆಸನಕ್ಕೆ ಪಟವನ್ನು ಒರಗಿಸಿ, ಮೋಟಾರಿನೊಳಗೇ ಕುಳಿತು ಬರೆಯುತ್ತಿದ್ದಳು. ಉರಿಬಿಸಿಲು ತಾಳಲಾರದಾದಾಗ ಮೋಟಾರಿನ ಕೆಳಗೇ ನುಸುಳಿ ಮಲಗಿದ್ದೂ ಉಂಟು.

ಆದರೆ ಒಂದು ಬೇಸಗೆಯಿಂದ ಬಾಳು ನೇರ್ಪಾಗುವುದಿಲ್ಲ. ಆಕೆ ಹಿಂದಿರುಗಿದಳು, ಮತ್ತೆ ಬಂದಳು, ಮತ್ತೆ ಹಿಂದಿರುಗಿದಳು. ಬರಗಾಲದಲ್ಲಿ ಸತ್ತ ದನಕುದುರೆಗಳ ಬಿಳಿಯ ಎಲುಬುಗಳನ್ನು ಪೀಪಾಯಿಯಲ್ಲಿ ತುಂಬಿ ಪೂರ್ವಕ್ಕೆ ಸಾಗಿಸಿ, ದೂರದಲ್ಲಿ ಕುಳಿತು ಅವನ್ನೇ ಬರೆದಳು. 1933ರಲ್ಲಿ ಮನಸ್ಸು ತೀರ ಕುಸಿದು ಆಸ್ಪತ್ರೆ ಸೇರಬೇಕಾಯಿತು. ಸುಮಾರು ಒಂದು ವರ್ಷ ಕುಂಚ ಹಿಡಿಯಲಿಲ್ಲ. 1934ರಲ್ಲಿ ಮರಳಿ ಬಂದಾಗ ಆಕೆಯ ಕಣ್ಣಿಗೆ ಬಿದ್ದುದು ಆಬಿಕ್ಯೂವಿನ ಉತ್ತರಕ್ಕಿರುವ ‘ಗೋಸ್ಟ್ ರ‍್ಯಾಂಚ್’ ಎಂಬ ಎಸ್ಟೇಟು, ಕೆಂಪು ಹಳದಿ ಬಂಡೆಗಳ ಬುಡದ ತಾಣ. 1940ರಲ್ಲಿ ಅಲ್ಲಿ ಒಂದು ಪುಟ್ಟ ಮಣ್ಣಿನ ಮನೆಯನ್ನು ಕೊಂಡಳು. ಅದರ ಅಂಗಳದಲ್ಲಿ ನಿಂತರೆ ದಕ್ಷಿಣಕ್ಕೆ ಪೆಡರ್ನಲ್ ಪರ್ವತ ಕಾಣುತ್ತದೆ: 9,862 ಅಡಿ ಎತ್ತರ, ಕತ್ತಿಯಿಂದ ಸವರಿದಂತೆ ಚಪ್ಪಟೆಯಾದ ನೆತ್ತಿ. ಅದು ತನ್ನ ಸ್ವಂತ ಬೆಟ್ಟವೆಂದೂ, ಸಾಕಷ್ಟು ಸಲ ಬರೆದರೆ ಅದನ್ನು ತನಗೇ ಕೊಡುವುದಾಗಿ ದೇವರು ಹೇಳಿದ್ದಾನೆಂದೂ ಆಕೆ ವಿನೋದ ಮಾಡುತ್ತಿದ್ದಳು. ಬೆಟ್ಟ ಆಕೆಯದಾಗಿರಲಿಲ್ಲ ನಿಜ. ಚಕಮಕಿ ಕಲ್ಲು ಎಂಬುದೇ ಪೆಡರ್ನಲ್ ಎಂಬುದರ ಅರ್ಥ. ಸಾವಿರಾರು ವರ್ಷಗಳಿಂದ ಮೂಲನಿವಾಸಿಗಳು ತಮ್ಮ ಆಯುಧಗಳಿಗೆ ಅಲ್ಲಿನ ಕಲ್ಲನ್ನು ತೆಗೆದುಕೊಂಡು ಹೋಗುತ್ತಿದ್ದರು. ಆದರೂ ದಿನವೂ ನೋಡಿದವನಿಗೆ ದೃಶ್ಯದ ಮೇಲೆ ಒಂದು ಬಗೆಯ ಹಕ್ಕು ಹುಟ್ಟುತ್ತದೆ. ಯಾವ ಕಚೇರಿಯಲ್ಲಿಯೂ ಅದು ದಾಖಲಾಗುವುದಿಲ್ಲ.

ಇನ್ನು ಆ ಬಾಗಿಲಿನ ಮಾತು. ಆಬಿಕ್ಯೂವಿನಲ್ಲಿ ಅಲೆದಾಡುತ್ತಿದ್ದಾಗ ಆಕೆ ಪಾಳುಮನೆಯೊಂದರ ಅಂಗಳವನ್ನು ಹೊಕ್ಕಿದ್ದಳು. ಒಂದು ಬಾವಿ, ಎದುರಿಗೆ ಉದ್ದನೆಯ ಮಣ್ಣಿನ ಗೋಡೆ, ಗೋಡೆಯ ಒಂದು ಬದಿಯಲ್ಲಿ ಅಗಲವಾದ ಮರದ ಬಾಗಿಲು. ಅಷ್ಟೆ. ಅದು ತನಗೆ ಬೇಕೇ ಬೇಕೆಂದು ಆಕೆಗೆ ಅನ್ನಿಸಿಬಿಟ್ಟಿತು. ಮಾಲೀಕರು ಒಪ್ಪಲಿಲ್ಲ. ಮನೆ ಮುಂದೆ ಇಗರ್ಜಿಯ ವಶವಾಯಿತು. ಅವರೂ ಬಹುಕಾಲ ಒಪ್ಪಲಿಲ್ಲ. ಕಟ್ಟಕಡೆಗೆ 1945ರ ಡಿಸೆಂಬರಿನಲ್ಲಿ ಅದು ಆಕೆಯದಾಯಿತು. ತರಕಾರಿ ಬೆಳೆಯಲು ಕಾಲುವೆ ನೀರಿನ ಅನುಕೂಲವಿತ್ತೆಂಬುದೂ ಒಂದು ಕಾರಣವೇ. ಗೋಸ್ಟ್ ರ‍್ಯಾಂಚಿನ ಮನೆಯಲ್ಲಿ ಅದು ಇರಲಿಲ್ಲ. ಆದರೆ ಆಕೆಯೇ ಮುಂದೆ ಹೇಳಿಕೊಂಡಂತೆ, ಬಿಡಲಾಗದ್ದು ಆ ಗೋಡೆ, ಆ ಬಾಗಿಲು.

ಮರುವರ್ಷವೇ, 1946ರ ಜುಲೈಯಲ್ಲಿ, ಸ್ಟೀಗ್ಲಿಟ್ಸ್ ತೀರಿಕೊಂಡನು. ಗಂಡನ ಚಿತ್ರಸಂಗ್ರಹಗಳನ್ನು ವಿಂಗಡಿಸಿ ವಸ್ತುಸಂಗ್ರಹಾಲಯಗಳಿಗೆ ಹಂಚುವ ಕೆಲಸ ಆಕೆಯನ್ನು ನ್ಯೂಯಾರ್ಕಿನಲ್ಲಿ ಮೂರು ವರ್ಷ ಹಿಡಿದಿಟ್ಟಿತು. ಆ ವೇಳೆಗೆ ಆಬಿಕ್ಯೂವಿನಲ್ಲಿ ಆಕೆಯ ಸ್ನೇಹಿತೆ ಮರಿಯಾ ಶಬೋ ನಿಂತು ಮನೆಯನ್ನು ಮೇಲೆಬ್ಬಿಸಿದಳು. ಊರಿನ ಗಂಡಸರು ಇಟ್ಟಿಗೆ ಹಾಕಿದರು, ತೊಲೆ ಏರಿಸಿದರು. ಸಾರಣೆ ಮಾತ್ರ ಹೆಂಗಸರದು. ಆ ಸೀಮೆಯಲ್ಲಿ ಅದು ತಲೆತಲಾಂತರದಿಂದ ಹೆಂಗಸರ ವಿದ್ಯೆ. ನುಣ್ಣನೆಯ ಮಣ್ಣನ್ನು ಅಂಗೈಯಿಂದಲೇ ಬಳಿದು, ತಿಕ್ಕಿ, ಮೂಲೆಗಳನ್ನು ದುಂಡಗೆ ಮಾಡುತ್ತಾರೆ. ತನ್ನ ಮನೆಯ ಗೋಡೆಯ ಪ್ರತಿಯೊಂದು ಅಂಗುಲವೂ ಒಬ್ಬ ಹೆಂಗಸಿನ ಕೈ ಸವರಿದ ಜಾಗವೆಂದು ಓಕೀಫ್ ಬಂದವರಿಗೆ ಹೆಮ್ಮೆಯಿಂದ ಹೇಳುತ್ತಿದ್ದಳು. 1949ರಲ್ಲಿ ಆಕೆ ಶಾಶ್ವತವಾಗಿ ಅಲ್ಲಿ ನೆಲಸಿದಳು.

ಮತ್ತು ಬಾಗಿಲನ್ನು ಬರೆದಳು. 1946ರಿಂದ 1960ರವರೆಗೆ ಆ ಅಂಗಳ, ಆ ಗೋಡೆ, ಆ ಬಾಗಿಲುಗಳ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳು. ಒಂದರಲ್ಲಿ ಬಾಗಿಲು ಕಪ್ಪು, ಇನ್ನೊಂದರಲ್ಲಿ ಹಸುರು, ಮತ್ತೊಂದರಲ್ಲಿ ಕೆಂಪು. ಒಮ್ಮೆ ಮೇಲೆ ಒಂದು ಮೋಡ. ಒಮ್ಮೆ ಕೆಳಗೆ ಚೌಕ ಚಪ್ಪಡಿಗಳ ಸಾಲು. ಬರಬರುತ್ತ ಗೋಡೆಯ ಒರಟು ಹೋಯಿತು, ನೆರಳು ಹೋಯಿತು. ಉಳಿದುದು ವಿಶಾಲವಾದ ಒಂದು ಬಣ್ಣ, ಅದರೊಳಗೊಂದು ಚೌಕ. 1950ರ ದಶಕದ ಮೊದಲ ಭಾಗದಲ್ಲಿ ಒಂದು ಚಿತ್ರಕ್ಕೆ ‘ನನ್ನ ಕೊನೆಯ ಬಾಗಿಲು’ ಎಂಬರ್ಥದ ಹೆಸರನ್ನೇ ಇಟ್ಟಳು. ಅಲ್ಲಿಗೆ ಮುಗಿಯಿತೆಂದುಕೊಂಡಿದ್ದಳೇನೋ. ಮುಗಿಯಲಿಲ್ಲ. ಅನಂತರವೂ ವರ್ಷಗಟ್ಟಲೆ ಬಾಗಿಲುಗಳು ಬಂದವು. ತಾನು ಅದನ್ನು ಸರಿಯಾಗಿ ಹಿಡಿದೆನೆಂಬ ತೃಪ್ತಿ ಆಕೆಗೆ ಎಂದೂ ಆಗಲಿಲ್ಲ.

ಒಂದೇ ಬಾಗಿಲನ್ನು ಇಷ್ಟು ಬಾರಿ ಬರೆಯುವುದು ಹುಚ್ಚಲ್ಲವೆ ಎಂದು ಯಾರಿಗಾದರೂ ಅನ್ನಿಸಬಹುದು. ಅದಕ್ಕೆ ಉತ್ತರವನ್ನು ಆ ಮಣ್ಣಿನ ಕಟ್ಟಡಗಳೇ ಹೇಳುತ್ತವೆ. ಮಣ್ಣಿನ ಗೋಡೆಯನ್ನು ಒಮ್ಮೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಮಳೆ, ಹಿಮ, ಗಾಳಿ ಅದನ್ನು ಸವೆಸುತ್ತಲೇ ಇರುತ್ತವೆ. ಕೈಗಳು ಮೆತ್ತುತ್ತಲೇ ಇರಬೇಕು. ಓಕೀಫ್ ಬರೆದ ಟಾವೋಸಿನ ಇಗರ್ಜಿಗೂ ಊರವರು ಹೀಗೆಯೇ ಸಾರಣೆ ಮಾಡುತ್ತ ಬಂದಿದ್ದರು. ಈ ದುಡಿಮೆಯನ್ನು ತಪ್ಪಿಸಬೇಕೆಂದು 1967ರಲ್ಲಿ ಅದಕ್ಕೆ ಗಟ್ಟಿಯಾದ ಸಿಮೆಂಟಿನ ಗಿಲಾವು ಮಾಡಿದರು. ಇನ್ನು ಚಿಂತೆಯಿಲ್ಲವೆಂದು ತೋರಿತು. ಆದರೆ ಸಿಮೆಂಟಿನ ಬಿರುಕುಗಳಲ್ಲಿ ಇಳಿದ ನೀರು ಹೊರಕ್ಕೆ ಆವಿಯಾಗಲಾರದೆ ಒಳಗೇ ನಿಂತು, ಇಟ್ಟಿಗೆಗಳನ್ನು ಮತ್ತೆ ಕೆಸರಾಗಿಸತೊಡಗಿತು. ಮೇಲೆ ಗಟ್ಟಿ, ಒಳಗೆ ಕರಗು. 1979ರಲ್ಲಿ ಸಿಮೆಂಟನ್ನು ಕಿತ್ತೊಗೆದು ಮತ್ತೆ ಮಣ್ಣನ್ನೇ ಬಳಿದರು. ಅಂದಿನಿಂದ ಬೇಸಗೆ ಬಂತೆಂದರೆ ಹಿರಿಯರು ಕಿರಿಯರೆಲ್ಲ ಕೂಡಿ ಮಣ್ಣು ಕಲಸಿ ಸಾರಣೆ ಮಾಡುತ್ತಾರೆ. ಗೋಡೆ ಉಳಿದಿರುವುದು ಗಟ್ಟಿತನದಿಂದಲ್ಲ, ಮತ್ತೆ ಮತ್ತೆ ಬಂದು ಮುಟ್ಟುವ ಕೈಗಳಿಂದ. ಓಕೀಫಳ ಕುಂಚವೂ ಆ ಬಾಗಿಲಿಗೆ ವರ್ಷ ವರ್ಷವೂ ಇಂಥದೇ ಒಂದು ಸಾರಣೆಯನ್ನು ಮಾಡುತ್ತಿತ್ತು.

ಎಂಬತ್ತು ದಾಟಿದ ಮೇಲೆ ಆಕೆಗೆ ಬಂದ ಕಷ್ಟ ಚಿತ್ರಗಾರರ ಪಾಲಿಗೆ ಅತ್ಯಂತ ಕ್ರೂರವಾದುದು. ಕಣ್ಣಿನ ಅಕ್ಷಿಪಟಲದ ನಡುಭಾಗ ಸವೆದು, ನೇರವಾಗಿ ನೋಡಿದ್ದು ಕಾಣದಾಯಿತು. ಅಂಚಿನ ನೋಟ ಮಾತ್ರ ಉಳಿಯಿತು. ಬೆಟ್ಟವನ್ನು ನೋಡಬೇಕೆಂದರೆ ಬೆಟ್ಟದ ಪಕ್ಕಕ್ಕೆ ನೋಡಬೇಕು! ಯಾರ ನೆರವೂ ಇಲ್ಲದೆ ತೈಲವರ್ಣದಲ್ಲಿ ಬರೆದ ಕೊನೆಯ ಚಿತ್ರ 1972ರದು. ಆಗ ಆಕೆ ಏನು ಮಾಡಿದಳು? ತರುಣ ಕುಂಬಾರ ಹ್ವಾನ್ ಹ್ಯಾಮಿಲ್ಟನ್ನನ ಪ್ರೋತ್ಸಾಹದಿಂದ ಜೇಡಿಮಣ್ಣನ್ನು ಕೈಗೆ ತೆಗೆದುಕೊಂಡಳು. ಮಡಕೆ ಮಾಡಲು ಕಣ್ಣು ಅಷ್ಟೊಂದು ಬೇಕಿಲ್ಲ; ಅಂಗೈ ಸಾಕು. ಅರ್ಧ ಶತಮಾನ ಯಾವ ಮಣ್ಣನ್ನು ನೋಡುತ್ತ ಬಂದಿದ್ದಳೋ ಆ ಮಣ್ಣನ್ನು ಆಕೆ ಈಗ, ಸಾರಣೆಯ ಹೆಂಗಸರಂತೆ, ಮುಟ್ಟಿ ತಿಳಿಯತೊಡಗಿದಳು.

1986ರ ಮಾರ್ಚ್ 6ರಂದು, ತೊಂಬತ್ತೆಂಟನೆಯ ವಯಸ್ಸಿನಲ್ಲಿ, ಸ್ಯಾಂಟಾ ಫೇ ನಗರದಲ್ಲಿ ಆಕೆ ನಿಧನಳಾದಳು. ಚಿತಾಭಸ್ಮವನ್ನು ಪೆಡರ್ನಲ್ಲಿನ ನೆತ್ತಿಯ ಮೇಲಿನಿಂದ ಗಾಳಿಗೆ ತೂರಿದರು. ಬೆಟ್ಟ ಆಕೆಗೆ ಸಿಕ್ಕಿತೋ, ಆಕೆಯೇ ಬೆಟ್ಟಕ್ಕೆ ಸಿಕ್ಕಿದಳೋ!

1997ರಲ್ಲಿ ಸ್ಯಾಂಟಾ ಫೇಯಲ್ಲಿ ಆಕೆಯ ಹೆಸರಿನ ವಸ್ತುಸಂಗ್ರಹಾಲಯ ತೆರೆಯಿತು. ಆಬಿಕ್ಯೂವಿನ ಮನೆಯನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಅಂಗಳದಲ್ಲಿ ನಿಂತು, ಚಿತ್ರಗಳಲ್ಲಿ ಕಂಡ ಬಾಗಿಲನ್ನು ಎದುರಿಗೆ ಕಂಡು ಸುಮ್ಮನಾಗುತ್ತಾರೆ. ಚಿತ್ರದಲ್ಲಿ ಅಷ್ಟು ದೊಡ್ಡದಾಗಿ ಕಂಡುದು ನಿಜದಲ್ಲಿ ಒಂದು ಸಾಧಾರಣ ಬಾಗಿಲು. ಅದರ ಸುತ್ತಲಿನ ಗೋಡೆಯನ್ನು ಅಂಗೈಯಿಂದ ನುಣುಪು ಮಾಡಿದ ಹೆಂಗಸರ ಹೆಸರುಗಳು ಯಾವ ಚಿತ್ರದ ಕೆಳಗೂ ಇಲ್ಲ. ಆದರೆ ಸಂಜೆಯ ಓರೆ ಬಿಸಿಲು ಮಣ್ಣಿನ ಗೋಡೆಯ ಮೇಲೆ ಬಿದ್ದಾಗ ಅದರ ಮೈಮೇಲಿನ ಕೈಯ ಬಾಗುಗಳು ಒಂದೊಂದಾಗಿ ಎದ್ದು ಕಾಣುತ್ತವೆ.