ಹತ್ತು ಗುಂಟೆ ಮೀನಿನ ಲೆಕ್ಕ

ಭಾಗ 1/8: ಎಷ್ಟು ಲಾಭ ಬಂತು?

ಹೊಂಡದ ಸ್ಟೋರಿ ಹಾಕಿದಾಗಿಂದ ಮೆಸೇಜ್ ಮೇಲೆ ಮೆಸೇಜ್. "ಎಷ್ಟು ಲಾಭ ಬಂತು?" "ನಮ್ಮೂರಲ್ಲೂ ಮಾಡ್ಬಹುದಾ?" "ಎಕ್ರೆಗೆ ಹತ್ತು ಲಕ್ಷ ಅಂತ ರೀಲ್ ನೋಡ್ದೆ, ನಿಜಾನಾ?" ಒಬ್ಬೊಬ್ರಿಗೂ ಬೇರೆ ಬೇರೆ ಉತ್ತರ ಕೊಡೋ ಬದ್ಲು ಎಂಟು ಭಾಗದಲ್ಲಿ ಬರೆದು ಹಾಕ್ತಿದ್ದೀನಿ.

ಆ ರೀಲ್‌ಗಳಲ್ಲಿ ತೋರ್ಸೋದು ಮಾರಾಟದ ಮೊತ್ತ. ಬಲೆ ತುಂಬ ಮೀನು, ಹಿಂದೆ ಮ್ಯೂಸಿಕ್ಕು, ಮೇಲೆ ದೊಡ್ಡ ಸಂಖ್ಯೆ. ತೌಡಿನ ಬಿಲ್ ಯಾರೂ ತೋರ್ಸಲ್ಲ. ಬಿಕಾಂ ಓದ್ತಿರೋ ನಮಗೆ ಮಾರಾಟ ಬೇರೆ, ಲಾಭ ಬೇರೆ ಅಂತ ಮೊದಲ ಸೆಮಿಸ್ಟರ್‌ನಲ್ಲೇ ಹೇಳಿಕೊಟ್ಟಿದ್ದಾರೆ. ಅದನ್ನ ನಮ್ಮ ಮನೆ ಹೊಂಡಕ್ಕೇ ಹಾಕಿ ನೋಡಿದೆ.

ನಮ್ಮದು ಮದ್ದೂರು ಕಡೆ ಊರು. ಕಬ್ಬು, ಭತ್ತ, ಎರಡು ಹಸು. 2024ರ ಬೇಸಿಗೆಯಲ್ಲಿ ತೋಡಿಸಿದ ಹತ್ತು ಗುಂಟೆ ಹೊಂಡ, ಅಂದ್ರೆ ಸುಮಾರು ಒಂದು ಸಾವಿರ ಚದರ ಮೀಟರ್ ನೀರು. ಆಗಸ್ಟ್‌ನಲ್ಲಿ ಮರಿ ಬಿಟ್ವಿ, 2025ರ ಜೂನ್‌ಗೆ ಪೂರ್ತಿ ಹಿಡಿದು ಮುಗೀತು. ಮುಂದೆ ಬರೋ ರೇಟೆಲ್ಲ ಆ ವರ್ಷದ್ದು, ನಮ್ಮೂರಿಂದು. ನಿಮ್ಮ ಕಡೆ ಬೇರೆ ಇರುತ್ತೆ. ಸಂಖ್ಯೆ ನಕಲು ಮಾಡ್ಬೇಡಿ, ಲೆಕ್ಕ ಹಾಕೋ ದಾರಿ ತಗೊಳ್ಳಿ.

ಭಾಗ 2/8: ಆ ಮೂಲೆನೇ ಯಾಕೆ?

ಮೊದಲನೇ ಸ್ಲೈಡ್‌ನಲ್ಲಿ ಕಾಣ್ತಿರೋ ಜಾಗ ನಮ್ಮ ಜಮೀನಿನ ತಗ್ಗಿನ ಮೂಲೆ. ಮೇಲಿನ ಗದ್ದೆಗಳ ನೀರೆಲ್ಲ ಬಸಿದು ಬಂದು ಅಲ್ಲೇ ನಿಲ್ಲೋದು. ಜೌಗು ನೆಲ. ಕಬ್ಬು ನಾಟಿ ಮಾಡಿದ್ರೆ ಹಳದಿಗೆ ತಿರುಗ್ತಿತ್ತು, ಭತ್ತ ಹಾಕಿದ್ರೆ ಕಟಾವು ಯಂತ್ರ ಹೂತ್ಕೊಳ್ತಿತ್ತು. ವರ್ಷಕ್ಕೆ ಎರಡು ಹೊರೆ ಹುಲ್ಲು ಬಿಟ್ರೆ ಏನೂ ಬರ್ತಿರ್ಲಿಲ್ಲ.

ಕ್ಲಾಸಲ್ಲಿ ಓದೋ 'ಅವಕಾಶ ವೆಚ್ಚ' ಇದೇ. ಒಂದು ಜಾಗದಲ್ಲಿ ಮೀನು ಸಾಕಿದ್ರೆ, ಅಲ್ಲಿ ಮೊದಲು ಬರ್ತಿದ್ದ ಬೆಳೆಯ ಆದಾಯ ಹೋಗುತ್ತೆ. ನಮ್ಮ ಮೂಲೆಯಲ್ಲಿ ಹೋಗೋಕೆ ಏನೂ ಇರಲಿಲ್ಲ. ಜೇಡಿಮಣ್ಣು ಬೇರೆ, ನೀರು ಇಂಗಲ್ಲ, ಪ್ಲಾಸ್ಟಿಕ್ ಹಾಳೆ ಹಾಸೋ ಖರ್ಚಿಲ್ಲ. ಮರಳು ಮಿಶ್ರಿತ ಕೆಂಪು ನೆಲ ಆಗಿದ್ರೆ ಈ ಲೆಕ್ಕನೇ ಬೇರೆ ಆಗ್ತಿತ್ತು.

ನೀರಿನ ವಿಷಯ. 2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬ್ಲಿಲ್ಲ ಅನ್ನೋದು ನಮ್ಮ ಕಡೆಯವ್ರಿಗೆ ಗೊತ್ತು. ನಾಲೆ ನಂಬ್ಕೊಂಡು ಮೀನು ಬಿಟ್ಟಿದ್ರೆ ಅರ್ಧಕ್ಕೇ ಹಿಡೀಬೇಕಿತ್ತು. ಅದಕ್ಕೆ ಅಪ್ಪ ಹೊಂಡಕ್ಕೆ ಬೋರ್‌ವೆಲ್ ಪೈಪ್ ಎಳೆದ ಮೇಲೇನೆ ಮರಿ ತರಿಸಿದ್ದು. ಹತ್ತು ತಿಂಗಳು ಕನಿಷ್ಠ ಎದೆಮಟ್ಟದ ನೀರು ನಿಲ್ಲಿಸೋಕೆ ಆಗಲ್ಲ ಅಂದ್ರೆ ಈ ಕಸುಬು ಬೇಡ.

ಜೆಸಿಬಿ, ಏರಿ ಕಟ್ಟಿದ್ದು, ಪೈಪು, ಜಾಲರಿ ಎಲ್ಲ ಸೇರಿ 60,000 ರೂಪಾಯಿ. ಈ ಸಂಖ್ಯೆ ನೆನಪಿಟ್ಕೊಳ್ಳಿ, ಆರನೇ ಭಾಗದಲ್ಲಿ ಬೇಕು.

ಭಾಗ 3/8: ಮೂರು ಮಹಡಿ ಮನೆ

ಒಂದೇ ಹೊಂಡದಲ್ಲಿ ಮೂರು ಜಾತಿ ಯಾಕೆ ಬಿಡ್ತಾರೆ ಗೊತ್ತಾ? ಕಾಟ್ಲಾ ನೀರಿನ ಮೇಲ್ಭಾಗದಲ್ಲಿ ತಿನ್ನುತ್ತೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಒಬ್ಬರ ಊಟಕ್ಕೆ ಇನ್ನೊಬ್ರು ಕೈ ಹಾಕೋದು ಕಮ್ಮಿ. ಅದೇ ನೀರು, ಅದೇ ಜಾಗ, ಆದ್ರೆ ಮೂರು ಮಹಡಿಗೂ ಬಾಡಿಗೆದಾರರು. ಕೆಲವರು ಮೃಗಾಲ್ ಬದ್ಲು ಸಾಮಾನ್ಯ ಗೆಂಡೆ ಬಿಡ್ತಾರೆ. ಅದು ಬೇಗ ಬೆಳೆಯುತ್ತೆ, ಆದ್ರೆ ಮಣ್ಣು ಕೆದಕಿ ಏರಿನ ತೂತು ಮಾಡುತ್ತೆ.

ಚದರ ಮೀಟರ್‌ಗೆ ಒಂದು ಮೀನು ಅಂತ ಒಂದು ಸಾವಿರ ಮರಿ: ಕಾಟ್ಲಾ 400, ರೋಹು 300, ಮೃಗಾಲ್ 300. ಜಾಸ್ತಿ ಬಿಟ್ರೆ ಜಾಸ್ತಿ ಮೀನು ಸಿಗಲ್ಲ. ಎಲ್ಲವೂ ಕಾಲು ಕೆಜಿಯಲ್ಲೇ ನಿಂತ್ಕೊಳ್ತವೆ, ಆ ಸೈಜನ್ನ ಯಾರೂ ಕೇಳಲ್ಲ.

ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ತುಂಬಾ ಅಗ್ಗ. ನಾವು ತಂದಿದ್ದು ಬೆರಳುದ್ದದ್ದು, ಒಂದಕ್ಕೆ 4 ರೂಪಾಯಿ. ಸಣ್ಣವನ್ನ ಕಪ್ಪೆ, ಹಾವು, ಹಕ್ಕಿ ಎಲ್ಲಾ ತಿಂತವೆ. ಬೆರಳುದ್ದದ್ದಾದ್ರೆ ಅರ್ಧಕ್ಕಿಂತ ಜಾಸ್ತಿ ಉಳೀತವೆ. ನಮ್ಮಲ್ಲಿ ಸಾವಿರದಲ್ಲಿ 700 ಉಳಿದ್ವು.

ಬಿಡೋಕೆ ಮುಂಚೆ ಹೊಂಡಕ್ಕೆ ಸುಣ್ಣ, ಸಗಣಿ ಗೊಬ್ಬರ ಹಾಕಿ ನೀರು ತುಂಬಿ ಎರಡು ವಾರ ಬಿಟ್ವಿ. ನೀರು ತಿಳಿ ಹಸಿರಾಯ್ತು. ಆ ಹಸಿರೇ ಮೀನಿನ ಮೊದಲ ಊಟ. ಮರಿ ಇದ್ದ ಕವರ್‌ನ ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಬಿಸಿ ಸಮ ಆದ್ಮೇಲೆ ಬಾಯಿ ಬಿಚ್ಚಿದ್ವಿ. ನೀರು ಒಳಗೆ ಬರೋ ಪೈಪ್‌ಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಲೇಬೇಕು, ಇಲ್ಲಾಂದ್ರೆ ನಾಲೆಯಿಂದ ಕೊರವ ಬಂದು ಮರಿನೆಲ್ಲ ನುಂಗುತ್ತೆ.

ಇನ್ನೊಂದು ಮಾತು. "ಆರು ತಿಂಗಳಲ್ಲಿ ಕೆಜಿಗಟ್ಟಲೆ" ಅಂತ ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಮಾರೋಕೆ ಬರೋರಿದ್ದಾರೆ. ಅದನ್ನ ಸಾಕೋದು ನಮ್ಮ ದೇಶದಲ್ಲಿ ನಿಷೇಧ. ತಗೋಬೇಡಿ.

ಭಾಗ 4/8: ಬೆಳಗಿನ ಜಾವದ ಕೆಲ್ಸ

ಈ ಸ್ಲೈಡ್‌ನಲ್ಲಿ ಏರಿ ಮೇಲೆ ನಿಂತಿರೋದು ಅವ್ವ. ಹತ್ತು ತಿಂಗಳಲ್ಲಿ ಹೊಂಡದ ಕೆಲ್ಸ ಅವಳು ತಪ್ಪಿಸಿದ ದಿನ ತೀರ ಕಮ್ಮಿ.

ಅಕ್ಕಿ ತೌಡು, ಕಡ್ಲೆಕಾಯಿ ಹಿಂಡಿ ಸಮಸಮ. ಹಿಂದಿನ ರಾತ್ರಿ ಹಿಂಡಿ ನೆನೆಹಾಕಿ, ಬೆಳಿಗ್ಗೆ ತೌಡಿನ ಜೊತೆ ಕಲಸಿ, ತೂತು ಮಾಡಿದ ಚೀಲಕ್ಕೆ ತುಂಬಿ ಗೂಟಕ್ಕೆ ಕಟ್ಟೋದು. ಮೀನು ಬಂದು ಕುಕ್ಕಿ ತಿಂತವೆ. ಎಷ್ಟು ಹಾಕ್ಬೇಕು ಅಂದ್ರೆ ಹೊಂಡದಲ್ಲಿರೋ ಮೀನಿನ ಒಟ್ಟು ತೂಕದ ನೂರಕ್ಕೆ ಎರಡು ಭಾಗ. ತಿಂಗಳಿಗೊಮ್ಮೆ ಹತ್ತಿಪ್ಪತ್ತು ಮೀನು ಹಿಡಿದು ತೂಗಿ ಅಂದಾಜು ಮಾಡ್ತಿದ್ವಿ. ಸಂಜೆ ಚೀಲದಲ್ಲಿ ಉಳಿದಿದ್ರೆ ಮಾರನೇ ದಿನ ಕಮ್ಮಿ. ಉಳಿದ ತೌಡು ತಳದಲ್ಲಿ ಕೊಳೆತು ನೀರು ಕೆಡಿಸುತ್ತೆ, ದುಡ್ಡೂ ಹೋಗುತ್ತೆ.

ಹಸಿರು ನೀರು ಒಳ್ಳೇದು ಅಂದೆ, ಆದ್ರೆ ಅತಿಯಾದ್ರೆ ಅದೇ ಶತ್ರು. ಹಗಲು ಬಿಸಿಲಲ್ಲಿ ಪಾಚಿ ಆಮ್ಲಜನಕ ಕೊಡುತ್ತೆ, ರಾತ್ರಿ ಅದೂ ಉಸಿರಾಡಿ ಖರ್ಚು ಮಾಡುತ್ತೆ. ಹಾಗಾಗಿ ಸೂರ್ಯ ಹುಟ್ಟೋಕೆ ಮುಂಚೆ ನೀರಲ್ಲಿ ಆಮ್ಲಜನಕ ತೀರ ಕಡಿಮೆ. ಎರಡು ದಿನ ಮೋಡ ಮುಚ್ಚಿದ್ರಂತೂ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತವೆ. ಆಗ ತೌಡು ನಿಲ್ಲಿಸಿ, ಬೋರ್ ನೀರನ್ನ ಮೇಲಿಂದ ಚಿಮ್ಮಿಸ್ಬೇಕು. ಅವ್ವನ ಪರೀಕ್ಷೆ ಸುಲಭ: ಕೈ ಮುಳುಗಿಸ್ತಾಳೆ. ಮೊಣಕೈವರೆಗೆ ಇಳಿಸಿದಾಗ ಅಂಗೈ ಮಸುಕಾಗಿ ಮರೆಯಾದ್ರೆ ಸರಿ. ಮಣಿಕಟ್ಟು ಮುಳುಗುವಷ್ಟಕ್ಕೇ ಅಂಗೈ ಕಾಣ್ದಿದ್ರೆ ಸಗಣಿ ಬಂದ್.

ಇನ್ನು ಪಕ್ಕದ ಗದ್ದೆಯಲ್ಲಿ ಔಷಧಿ ಹೊಡೆದ ದಿನ ಆ ನೀರು ಹೊಂಡಕ್ಕೆ ಇಳೀದಂತೆ ಕಾಯ್ಬೇಕು. ನೀರುಕಾಗೆ ಓಡಿಸ್ಬೇಕು. ಎಲ್ಲಾ ಸೇರಿ ದಿನಕ್ಕೆ ಒಂದು ಗಂಟೆ ಅಂತ ನಾನು ಬರ್ಕೊಂಡೆ.

ಭಾಗ 5/8: ಯಾರು ಮಾರ್ತಾರೆ?

ಮಾರ್ಚ್‌ನಲ್ಲಿ ವ್ಯಾಪಾರಿ ಬಂದು ನೋಡಿದ್ರು. "ಬಲೆ ನಂದು, ಆಳು ನಂದು, ಲಾರಿ ನಂದು. ಪೂರ್ತಿ ಹೊಂಡ ಒಂದೇ ದಿನ ಎತ್ಕೋತೀನಿ, ಕೆಜಿಗೆ 90." ಅಪ್ಪನಿಗೆ ಇಷ್ಟ ಆಗಿತ್ತು, ರಗಳೆ ಇಲ್ಲ.

ಅವ್ವ ಒಪ್ಲಿಲ್ಲ. "ಸಂತೇಲಿ ಐಸ್ ಹಾಕಿದ್ ಮೀನ್ಗೇ 160 ಕೊಟ್ಟು ತತ್ತರೆ. ಜೀವಂತ ಮೀನು ಮನೆ ಮುಂದ್ಲಲ್ಲೇ ಸಿಕ್ರೆ ಬರಕಿಲ್ವಾ?"

ಹೊಸತೊಡಕಿನ ಹಿಂದಿನ ದಿನ ನಾನು ವಾಟ್ಸಾಪ್ ಸ್ಟೇಟಸ್ ಹಾಕಿದೆ, ಅವ್ವ ಸಂಘದ ಹೆಂಗಸರಿಗೆ ಹೇಳಿದ್ಲು. ಹೊಂಡದ ಏರಿ ಮೇಲೇ ತಕ್ಕಡಿ, ಕೆಜಿಗೆ 140. ಆಮೇಲೆ ಭಾನುವಾರ ಮಾತ್ರ. ಸೋಮವಾರ, ಶನಿವಾರ ನಮ್ಮ ಕಡೆ ಬಹಳ ಮನೆಯಲ್ಲಿ ತಿನ್ನಲ್ಲ. ಶ್ರಾವಣ ಬಂದ್ರೆ ಕೇಳೋರೇ ಇಲ್ಲ, ಅದಕ್ಕೇ ಜೂನ್ ಒಳಗೆ ಮುಗಿಸಿದ್ದು.

ಒಂದು ಸಲಕ್ಕೆ 50–60 ಕೆಜಿ, ಹತ್ತು ಸಲ. ಪ್ರತಿ ಸಲ ದೊಡ್ಡದನ್ನ ಮಾತ್ರ ಹಿಡಿಯೋದು. ಉಳಿದವಕ್ಕೆ ಜಾಗ, ಊಟ ಜಾಸ್ತಿ ಸಿಕ್ಕಿ ಅವೂ ಬೆಳೀತವೆ. 700 ಮೀನು, ಸರಾಸರಿ 800 ಗ್ರಾಂ, ಒಟ್ಟು 560 ಕೆಜಿ. 140ರಂತೆ 78,400 ರೂಪಾಯಿ. "ನಾಳೆ ಕೊಡ್ತೀನಿ ಕಣಕ್ಕ" ಅಂದೋರ ಬಾಕಿ 2,400 ಇನ್ನೂ ಬಂದಿಲ್ಲ. ಹಳ್ಳಿಯಲ್ಲಿ ಅದನ್ನ ಕೇಳೋಕೂ ಆಗಲ್ಲ. ವಸೂಲಾಗದ ಸಾಲ ಅಂತ ತೆಗೆದುಬಿಟ್ಟೆ. ಕೈಗೆ ಬಂದಿದ್ದು 76,000.

ಭಾಗ 6/8: ಲೆಕ್ಕದ ಹಾಳೆ

ಕ್ಲಾಸ್‌ಮೇಟ್ಸ್, ಇದು ನಿಮಗೆ.

ಮರಿ, ಸಾಗಣೆ: 5,000
ತೌಡು, ಹಿಂಡಿ: 32,500
ಸುಣ್ಣ: 900
ಸಗಣಿ ಗೊಬ್ಬರ: 1,500
ಬಲೆ ಎಳೆಯೋರ ಕೂಲಿ: 3,000
ಒಟ್ಟು: 42,900

ಸಗಣಿ ನಮ್ಮ ಹಸುವಿಂದೇ, ದುಡ್ಡು ಕೊಟ್ಟಿಲ್ಲ. ಆದ್ರೆ ಮಾರಿದ್ರೆ ಅಷ್ಟು ಬರ್ತಿತ್ತು, ಅದಕ್ಕೆ ಖರ್ಚಿಗೆ ಹಾಕಿದೆ. ಹೊಂಡ ತೋಡಿಸಿದ 60,000ವನ್ನ ಹತ್ತು ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ 6,000 ಸವಕಳಿ. ಈಗ ಖರ್ಚು 48,900. ಬಂದ 76,000ದಲ್ಲಿ ಕಳೆದ್ರೆ ಉಳಿಯೋದು 27,100.

ಇಲ್ಲಿಗೆ ನಿಲ್ಲಿಸಿದ್ರೆ ಎಲ್ಲರಿಗೂ ಖುಷಿ. ನಾನು ಇನ್ನೊಂದು ಸಾಲು ಬರೆದೆ: ಅವ್ವನ ಕೂಲಿ.

ದಿನಕ್ಕೆ ಒಂದು ಗಂಟೆ, 300 ದಿನ. ಎಂಟು ಗಂಟೆಗೆ ಒಂದು ಆಳು ಅಂತ ಹಿಡಿದ್ರೆ 37 ಮುಕ್ಕಾಲು ಅಲ್ಲ, ಸರಿಯಾಗಿ 37 ಅರೆ ಆಳು. ನಮ್ಮೂರ ಹೆಂಗಸರ ಕೂಲಿ 400ರಂತೆ 15,000. ಮಾರಾಟದ ಹತ್ತು ದಿನ, ಅರ್ಧರ್ಧ ದಿನ, ಅದು 2,000. ಒಟ್ಟು 17,000.

ಹಾಗಾದ್ರೆ ಹೊಂಡದ ನಿಜವಾದ ಲಾಭ 10,100. ಉಳಿದಿದ್ದು ಲಾಭ ಅಲ್ಲ, ಅವ್ವ ದುಡಿದ ಕೂಲಿ.

ವ್ಯಾಪಾರಿಗೆ 90ಕ್ಕೆ ಕೊಟ್ಟಿದ್ರೆ? 50,400 ಬರ್ತಿತ್ತು. ಬಲೆ ಕೂಲಿ ಉಳೀತಿತ್ತು, ಖರ್ಚು 45,900. ಕೈಯಲ್ಲಿ 4,500. ಅವ್ವನ 15,000 ಕಳೆದ್ರೆ 10,500 ನಷ್ಟ. ಅದೇ ಮೀನು, ಅದೇ ತೂಕ.

ಭಾಗ 7/8: ಇನ್ನೊಂದು ಎಕ್ರೆ

ಕೈಗೆ 76,000 ಬಂದಾಗ ಅಪ್ಪನ ಲೆಕ್ಕ ಬೇರೆ ಇತ್ತು. "ಮೂರು ಲಕ್ಷ ಸಾಲ ಸಿಕ್ತದೆ ಕಣವ್ವ. ಪಕ್ಕದ ಒಂದೆಕ್ರೆ ಗದ್ದೆನೂ ತೋಡ್ಸ್‌ಬುಡಮ. ನಾಕರಷ್ಟು ಬತ್ತದೆ."

ಅವ್ವ ಒಲೆ ಮುಂದಿಂದ ಕೇಳಿದ್ಲು, "ಇನ್ನೂ ನಾಕ್ ಸಾವ್ರ ಮೀನ್ಗೆ ತೌಡು ಕಲ್ಸೋರು ಯಾರು?"

ಅಪ್ಪನಿಗೆ ಹಾಳೆ ತೋರಿಸಿದೆ. ಒಂದು ಎಕ್ರೆ ಅಂದ್ರೆ ಇನ್ನೂ 2,240 ಕೆಜಿ. ನಮ್ಮೂರು, ಸುತ್ತಲ ಮೂರು ಊರು ಸೇರಿ ಭಾನುವಾರಕ್ಕೆ ಕೊಳ್ಳೋದು 60 ಕೆಜಿ. ಹೆಚ್ಚಿಗೆ ಬೆಳೆದಿದ್ದೆಲ್ಲ ವ್ಯಾಪಾರಿಯ 90ಕ್ಕೇ ಹೋಗ್ಬೇಕು. ಆ ರೇಟಲ್ಲಿ ಹತ್ತು ಗುಂಟೆಗೆ ಉಳಿಯೋದು 4,500, ಎಕ್ರೆಗೆ 18,000. ಆ 18,000ದಲ್ಲೇ ಸಾಲದ ಬಡ್ಡಿ, ರಾತ್ರಿ ಕಾವಲು, ಅವ್ವನ ಕೂಲಿ ಎಲ್ಲಾ ಆಗ್ಬೇಕು. ಜೊತೆಗೆ ಇದು ಜೌಗು ಮೂಲೆ ಅಲ್ಲ, ವರ್ಷದ ಅನ್ನ ಕೊಡೋ ಗದ್ದೆ. ಒಂದ್ಸಲ ಆರಡಿ ತೋಡಿದ್ರೆ ಮತ್ತೆ ಭತ್ತಕ್ಕೆ ಬರೋದು ಕಷ್ಟ.

ಅಪ್ಪ ಹಾಳೆನ ಎರಡು ದಿನ ಜೇಬಲ್ಲಿಟ್ಕೊಂಡು ಓಡಾಡಿದ್ರು. ಅಂಗಡಿ ಮುಂದೆ ಇಬ್ಬರು ಮೂವರಿಗೆ ತೋರ್ಸಿದ್ರು ಅಂತ ಆಮೇಲೆ ಗೊತ್ತಾಯ್ತು. ಮೂರನೇ ದಿನ ಅಂದ್ರು, "ಗದ್ದೆ ಇರ್ಲಿ. ಆದ್ರೆ ನಿಮ್ಮವ್ವನ ಕೂಲಿ ಅಂತ ಬರ್ದಿದ್ದೀಯಲ್ಲ, ಅದ್ನ ಯಾರು ಕೊಡೋದು?"

"ಹೊಂಡ ಕೊಡುತ್ತೆ" ಅಂದೆ.

ಈ ವರ್ಷ ಮತ್ತೆ ಒಂದು ಸಾವಿರ ಮರಿ ಬಿಟ್ಟಿದ್ದೀವಿ, ಅದೇ ಹತ್ತು ಗುಂಟೆ. ತಿಂಗಳಿಗೆ 1,700 ಅವ್ವನ ಬ್ಯಾಂಕ್ ಖಾತೆಗೆ ಹೋಗುತ್ತೆ. ಮೊದಲ ತಿಂಗಳು ಅವಳು ಪಾಸ್‌ಬುಕ್ ಎಂಟ್ರಿ ಮಾಡಿಸ್ಕೊಂಡು ಬಂದು ಏನೂ ಹೇಳ್ಲಿಲ್ಲ, ದೇವರ ಮನೆಯಲ್ಲಿ ಇಟ್ಟಳು.

ಭಾಗ 8/8: ನೀವು ಶುರು ಮಾಡೋದಾದ್ರೆ

ಮರಿ ತರೋಕೆ ಮುಂಚೆ ಕೊಳ್ಳೋರನ್ನ ಹುಡುಕಿ. ಭಾನುವಾರಕ್ಕೆ ಎಷ್ಟು ಕೆಜಿ ಹೋಗುತ್ತೆ ಅನ್ನೋದೇ ಹೊಂಡದ ಅಳತೆ.

ಜೆಸಿಬಿ ಕರೆಸೋಕೆ ಮುಂಚೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆ ಕಚೇರಿಗೆ ಹೋಗಿ ಬನ್ನಿ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹೊಸ ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಘಟಕ ವೆಚ್ಚದ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60 ಸಹಾಯಧನ ಇಟ್ಟಿದ್ರು. ಈಗ ಏನು ನಡೀತಿದೆ, ಯಾವ ದಾಖಲೆ ಬೇಕು ಅಂತ ಅಲ್ಲೇ ಕೇಳಿ. ಕಿಸಾನ್ ಕ್ರೆಡಿಟ್ ಕಾರ್ಡ್ ಮೀನು ಸಾಕೋರಿಗೂ ಸಿಗುತ್ತೆ, ತೌಡು ಹಿಂಡಿಯ ಖರ್ಚಿಗೆ ಅದು ಬಡ್ಡಿ ಅಂಗಡಿಗಿಂತ ಎಷ್ಟೋ ವಾಸಿ. ಅವ್ವನ ಹೆಸರಲ್ಲಿ ಹೊಂಡ ತೋರಿಸೋದಾದ್ರೆ ದುಡ್ಡೂ ಅವಳ ಕೈಗೇ ಬರ್ಲಿ, ಸಹಿ ಮಾತ್ರ ಅವಳದ್ದು ಆಗೋದು ಬೇಡ.

ತೆರಿಗೆ ಬಗ್ಗೆ ಕೇಳಿದೋರಿಗೆ: ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಆದ್ರೆ ಮೀನು ಸಾಕಣೆ ಆ ವ್ಯಾಖ್ಯೆಯೊಳಗೆ ಬರಲ್ಲ, ಅದು ವ್ಯಾಪಾರದ ಆದಾಯ. ನಮ್ಮ ಅಳತೆಗೆ ತೆರಿಗೆ ಬೀಳಲ್ಲ, ದೊಡ್ಡದಾಗಿ ಮಾಡೋರು ಪುಸ್ತಕ ಬರೆದಿಡಲೇಬೇಕು.

ಕೊನೆ ಸ್ಲೈಡ್‌ನಲ್ಲಿ ಖಾಲಿ ಲೆಕ್ಕದ ಹಾಳೆ ಇದೆ, ಸೇವ್ ಮಾಡ್ಕೊಳ್ಳಿ. ಮೀನಿಗೇ ಅಂತಲ್ಲ. ಹಸು, ರೇಷ್ಮೆ, ಕೋಳಿ, ಮನೆ ಮುಂದಿನ ಅಂಗಡಿ, ಯಾವುದಕ್ಕಾದ್ರೂ ಆಗುತ್ತೆ. ಸಂಬಳ ಇಲ್ದೆ ದುಡಿಯೋರ ಹೆಸರು ಬರೆಯೋಕೆ ಒಂದು ಸಾಲು ಬಿಟ್ಟಿದ್ದೀನಿ. ಈ ಭಾನುವಾರ ಮನೆಯವರನ್ನ ಕೂರಿಸ್ಕೊಂಡು ತುಂಬಿ ನೋಡಿ, ಎಷ್ಟು ಬಂತು ಅಂತ ಕಾಮೆಂಟ್‌ನಲ್ಲಿ ಹಾಕಿ.

#ಮೀನುಲೆಕ್ಕ #ಮಂಡ್ಯ #ಬಿಕಾಂ #ಹಳ್ಳಿಲೆಕ್ಕ