ಏರುವ ಎಣ್ಣೆ, ಇಳಿಯುವ ಎಣ್ಣೆ

ಮಿರಜ ತಾಲ್ಲೂಕಿನ ಪೂರ್ವಭಾಗದ ಹಳ್ಳಿಗಳಲ್ಲಿ ಕಾರುಗಳು ಬಹುಕಾಲ ಬಾಳುತ್ತವೆ. ಬೇಡಗ, ಆರಗ, ನರವಾಡದ ಕಡೆ ದ್ರಾಕ್ಷಿ ಪಡಕ್ಕೂ ಎಲೆತೋಟಕ್ಕೂ ಹೋಗಿಬರಲು ಮೋಟಾರ್ ಸೈಕಲ್ಲಿದೆ, ಸರಕು ಸಾಗಿಸಲು ಟೆಂಪೊ ಇದೆ. ಕಾರು ಹೊರಡುವುದು ಮನೆಯ ಹಿರಿಯರನ್ನು ಮಿರಜದ ಆಸ್ಪತ್ರೆಗೆ ಒಯ್ಯಲು, ಮಳೆಯ ದಿನ ಮಕ್ಕಳನ್ನು ಶಾಲೆಗೆ ಮುಟ್ಟಿಸಲು, ಮದುವೆ ಮುಂಜಿಗಳಿಗೆ. ಹೀಗಾಗಿ ಪಟ್ಟಣದವರು ಎಂದೋ ಗುಜರಿಗೆ ಹಾಕಿದ ಗಾಡಿಗಳು ಇಲ್ಲಿ ಇನ್ನೂ ಓಡುತ್ತಿವೆ. ಮಾರುತಿ 800 ಮೊದಲ ಗಿರಾಕಿಯ ಕೈಸೇರಿದ್ದು 1983ರ ಡಿಸೆಂಬರ್‌ನಲ್ಲಿ, ಅದರ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಎಂ.ಎಚ್. 10 ಫಲಕ ಹೊತ್ತ ಅಂಥ ಗಾಡಿಗಳನ್ನು ಈ ಭಾಗದ ರಸ್ತೆಗಳಲ್ಲಿ ಇಂದಿಗೂ ಕಾಣಬಹುದು.

ಬೇಡಗದಲ್ಲಿ ನೆಲೆಸಿರುವ, ಕನ್ನಡ ಶಾಲೆಯಿಂದ ನಿವೃತ್ತರಾದ ಗುರುಗಳೊಬ್ಬರ ಮನೆಯಲ್ಲಿರುವುದೂ ಅಂಥದೇ ಕಾರು. 1997ರ ಗಾಡಿ, ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್, ಕಾರ್ಬ್ಯುರೇಟರ್ ಕಾಲದ್ದು. ಅವರ ಪತ್ನಿ ಹದಿನೈದು ದಿನಕ್ಕೊಮ್ಮೆ ಮಿರಜದ ಆಸ್ಪತ್ರೆಗೆ ಹೋಗಲೇಬೇಕಾಗಿದ್ದುದರಿಂದ ಕಾರು ಆ ಮನೆಗೆ ಶೋಕಿಯ ವಸ್ತುವಾಗಿರಲಿಲ್ಲ. ಗುರುಗಳು ಪ್ರತಿ ರವಿವಾರ ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡುತ್ತಿದ್ದರು. ಕಡ್ಡಿಯ ತುದಿಯಲ್ಲಿ ಎರಡು ಗುರುತುಗಳಿರುತ್ತವೆ. ಎಣ್ಣೆ ಅವೆರಡರ ನಡುವೆ ಇದ್ದರೆ ಚಿಂತೆಯಿಲ್ಲ.

ಒಂದು ಚಳಿಗಾಲದಲ್ಲಿ ಈ ಲೆಕ್ಕ ತಪ್ಪಿತು. ಒಂದು ವಾರ ಎಣ್ಣೆ ಕೆಳಗಿನ ಗುರುತಿನ ಬಳಿ ಇತ್ತು. ಮರುವಾರ ಹನಿ ಎಣ್ಣೆ ಹಾಕದೆಯೇ ನಡುವಿಗೆ ಬಂದಿತ್ತು, ಅದರ ಮುಂದಿನ ವಾರ ಮೇಲಿನ ಗುರುತನ್ನೂ ದಾಟಿತ್ತು. ವಿಜಯಪುರದ ಮದುವೆಗೆ ಹೋಗಿಬಂದ ಮರುದಿನ ನೋಡಿದರೆ ಮತ್ತೆ ತಳಕ್ಕಿಳಿದಿತ್ತು. ಅದೇ ಪ್ರಯಾಣದಲ್ಲಿ, ಕಾದ ಗಾಡಿ ಗೇಟಿನ ಬಳಿ ನಿಂತಲ್ಲೇ ಗುರುಗುಡುತ್ತಿದ್ದಾಗ, ಎಣ್ಣೆಯ ಕೆಂಪು ದೀಪ ಎರಡು ಬಾರಿ ಮಿನುಗಿ ಆರಿತು.

ತೋರಿಸಿದ ಮೊದಲ ಗ್ಯಾರೇಜಿನಲ್ಲಿ ತೀರ್ಪು ತಕ್ಷಣ ಬಂದಿತು: "ಗುರುಗಳ, ರಿಂಗ್ ಹೋಗ್ಯಾವ. ಲಾಂಗ್ ಹೋದ್ರ ಎಣ್ಣಿ ಸುಡತೈತಿ. ಎಂಜಿನ್ ಇಳಸೂದ ಪಾಡ." ಖರ್ಚು ಹಲವು ಸಾವಿರದ್ದು. ಮಗ ಗಾಡಿಯನ್ನೇ ಮಾರಿಬಿಡೋಣ ಎಂದ. ಗುರುಗಳು ಯಾವುದಕ್ಕೂ ಒಪ್ಪಲಿಲ್ಲ. ರಿಂಗು ಸವೆದಿದ್ದರೆ ಎಣ್ಣೆ ಇಳಿಯುವುದು ಸರಿ, ಆದರೆ ಏರುವುದೆಂತು? ಏರಿದ್ದಕ್ಕೆ ಕಾರಣ ಹೇಳದ ತೀರ್ಪು ಅರ್ಧ ತೀರ್ಪು ಎಂದು ಅವರಿಗೆ ತೋರಿತು.

ಅವರು ಮೊದಲು ಸಂಶಯಪಟ್ಟದ್ದು ಅಳತೆಯನ್ನೇ. ಅಂಗಳದ ಇಳಿಜಾರಿನಲ್ಲಿ ಗಾಡಿ ಒಂದು ವಾರ ಮನೆಯತ್ತ, ಇನ್ನೊಂದು ವಾರ ರಸ್ತೆಯತ್ತ ಮುಖಮಾಡಿ ನಿಂತಿರುತ್ತಿತ್ತು. ನೆಲ ಓರೆಯಾದರೆ ತಳದ ತೊಟ್ಟಿಯ ಎಣ್ಣೆ ಒಂದು ಬದಿಗೆ ಸರಿಯುತ್ತದೆ. ಕಡ್ಡಿ ಸುಳ್ಳು ಹೇಳುತ್ತದೆ. ಎಂಜಿನ್ ಆರಿಸಿದ ಕೂಡಲೇ ನೋಡಿದರೆ ಎಣ್ಣೆ ಇನ್ನೂ ಮೇಲಿನ ಭಾಗಗಳಲ್ಲೇ ಇರುತ್ತದೆ. ಅಳತೆ ಕಡಿಮೆ ತೋರುತ್ತದೆ. ಕಾದ ಎಣ್ಣೆ ಹಿಗ್ಗುವುದೂ ಉಂಟು: ಮೂರು ಲೀಟರ್ ಎಣ್ಣೆ ಅರವತ್ತು ಡಿಗ್ರಿ ಬಿಸಿಯೇರಿದರೆ ನೂರು ಮಿಲಿಲೀಟರಿಗೂ ಹೆಚ್ಚು ಉಬ್ಬುತ್ತದೆ. ಇನ್ನು ಮೊದಲ ಸಲ ಎಳೆದಾಗ ಕೊಳವೆಯ ಗೋಡೆಗೆ ಅಂಟಿದ ಎಣ್ಣೆಯೆಲ್ಲ ಕಡ್ಡಿಗೆ ಸವರಿಕೊಂಡು ಬರುತ್ತದೆ. ಆದ್ದರಿಂದ ಒರೆಸಿ, ಪೂರ್ತಿ ಒಳಗೆ ಒತ್ತಿ, ಎರಡನೆಯ ಸಲ ಎಳೆದದ್ದನ್ನೇ ಓದಬೇಕು. ಕಡ್ಡಿಯ ಎರಡೂ ಮುಖ ನೋಡಿ, ಕಡಿಮೆ ತೋರಿದ್ದನ್ನು ನಂಬಬೇಕು.

ಅಂದಿನಿಂದ ಒಂದು ನಿಯಮವಾಯಿತು. ದಿನವೂ ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮೊದಲು, ಮಟ್ಟಸವಾದ ಕಟ್ಟೆಯ ಮುಂದಿನ ಜಾಗದಲ್ಲಿ ಅಳತೆ. ಕನ್ನಡ ಶಾಲೆಯ ಆರನೆಯ ಇಯತ್ತೆಯಲ್ಲಿದ್ದ ಮೊಮ್ಮಗಳು ವಹಿಯಲ್ಲಿ ಗೆರೆ ಹೊಡೆದು ತಾರೀಖು, ಹಿಂದಿನ ದಿನ ಓಡಿದ ಕಿಲೋಮೀಟರು, ಎಣ್ಣೆಯ ಮಟ್ಟ, ವಾಸನೆ ಎಂದು ನಾಲ್ಕು ಕಲಮು ಮಾಡಿದಳು. ವಾಸನೆಯ ಕಲಮು ಅವಳದೇ ಸೇರ್ಪಡೆ. ಕಡ್ಡಿ ಹಿಡಿದಾಗ ಅವಳ ಮೂಗಿಗೆ ಪೆಟ್ರೋಲು ಬಡಿದಿತ್ತು.

ಮೂರು ವಾರದ ವಹಿ ತಾನಾಗಿ ಮಾತಾಡಿತು. ಇಳಿಜಾರಿನ ಗೊಂದಲ ಹೋದ ಮೇಲೂ ಏರಿಳಿತ ಉಳಿದಿತ್ತು, ಆದರೆ ಅದಕ್ಕೊಂದು ಕ್ರಮವಿತ್ತು. ಗಾಡಿ ಮನೆಯಿಂದ ಪಡಕ್ಕೆ ಎರಡು ಕಿಲೋಮೀಟರು ಓಡಿ ತಣ್ಣಗಾಗುತ್ತಿದ್ದ ದಿನಗಳಲ್ಲಿ ಎಣ್ಣೆ ಏರುತ್ತಿತ್ತು, ಪೆಟ್ರೋಲಿನ ವಾಸನೆಯೂ ಏರುತ್ತಿತ್ತು. ದೂರದ ಪ್ರಯಾಣವಾದ ಮರುದಿನ ಎರಡೂ ಇಳಿಯುತ್ತಿದ್ದವು. "ಅಜ್ಜಾ, ಏರೂದು ಎಣ್ಣಿ ಅಲ್ಲ, ಪೆಟ್ರೋಲ," ಎಂದಳು ಹುಡುಗಿ.

ಅವಳು ಹೇಳಿದ್ದು ಸರಿಯಾಗಿತ್ತು. ತಣ್ಣನೆಯ ಎಂಜಿನ್ನಿಗೆ ಚೋಕ್ ಎಳೆದಾಗ ಹೆಚ್ಚು ಪೆಟ್ರೋಲು ಹೋಗುತ್ತದೆ. ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆಗುಂಟ ಇಳಿದು ಎಣ್ಣೆಯಲ್ಲಿ ಕೂಡುತ್ತದೆ. ದೂರ ಓಡಿ ಎಣ್ಣೆ ಚೆನ್ನಾಗಿ ಕಾದರೆ ಅದರ ಬಹುಭಾಗ ಆವಿಯಾಗಿ ಹೋಗುತ್ತದೆ. ಮದುವೆಯ ಪ್ರಯಾಣದಲ್ಲಿ ಸುಟ್ಟುಹೋಯಿತೆಂದು ತಿಳಿದದ್ದು ಎಣ್ಣೆಯಲ್ಲ, ವಾರವಿಡೀ ಕೂಡಿದ್ದ ಪೆಟ್ರೋಲು. ಕೆಂಪು ದೀಪದ ಒಗಟೂ ಇಲ್ಲಿಯೇ ಬಿಡಿಸಿಕೊಂಡಿತು. ಆ ದೀಪ ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು ತೋರಿಸುವಂಥದು. ತೆಳುವಾದ ಎಣ್ಣೆ ಕಾದಾಗ ನೀರಿನಂತಾಗುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಒತ್ತಡ ಕುಸಿದು ದೀಪ ಮಿನುಗುತ್ತದೆ. ಕಡ್ಡಿಯಲ್ಲಿ ಎಣ್ಣೆ ತುಂಬಿದಂತೆ ಕಂಡರೂ ಒಳಗೆ ಬೇರಿಂಗುಗಳು ಒಣಗುತ್ತಿರಬಹುದು. ಇಳಿಯುವ ಎಣ್ಣೆಗೆ ಎಲ್ಲರೂ ಅಂಜುತ್ತಾರೆ. ಏರುವ ಎಣ್ಣೆಗೇ ಹೆಚ್ಚು ಅಂಜಬೇಕು.

ಆದರೆ ಚೋಕ್ ಒಂದೇ ಇಷ್ಟು ಪೆಟ್ರೋಲನ್ನು ಒಳಗೆ ಬಿಡಲಾರದು. ಗುರುಗಳು ಹಳೆಯ ಪೋಸ್ಟ್‌ಕಾರ್ಡಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟು ರಾತ್ರಿಯಿಡೀ ಇಟ್ಟರು. ನಡುವೆ ಕಪ್ಪು ಕಲೆ, ಅದರ ಸುತ್ತ ಅಗಲವಾಗಿ ಹರಡಿದ ತೆಳು ಉಂಗುರ. ಮುಚ್ಚಳದ ಅಡಿಯಲ್ಲಿ ಹಾಲು ಬೆರೆಸಿದ ಚಹಾದ ಬಣ್ಣದ ನೊರೆಯಿರಲಿಲ್ಲ, ರೇಡಿಯೇಟರಿನ ನೀರೂ ಇಳಿದಿರಲಿಲ್ಲ. ಅಂದರೆ ಹೆಡ್ ಗ್ಯಾಸ್ಕೆಟ್ ಒಡೆದು ನೀರು ಕೂಡಿದ ಲಕ್ಷಣ ಅಲ್ಲಿರಲಿಲ್ಲ. ವಹಿ ಮತ್ತು ಕಾರ್ಡು ಹಿಡಿದು ಅವರು ಮಿರಜದ ಇನ್ನೊಬ್ಬ ಮಿಸ್ತ್ರಿಯ ಬಳಿ ಹೋದರು. ಮಿಸ್ತ್ರಿ ಎಂಜಿನ್ನಿಗೆ ಕೈಹಚ್ಚದೆ ಪೆಟ್ರೋಲ್ ಪಂಪನ್ನು ಮಾತ್ರ ಬಿಚ್ಚಿದ. ಕಾರ್ಬ್ಯುರೇಟರ್ ಗಾಡಿಯಲ್ಲಿ ಈ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಒಳಗಿನ ರಬ್ಬರಿನ ಪರದೆ ಮೇಲೆ ಕೆಳಗೆ ಆಡಿ ಪೆಟ್ರೋಲನ್ನು ಎಳೆಯುತ್ತದೆ. ಆ ಪರದೆಯಲ್ಲಿ ಉಗುರಿನಷ್ಟು ಸೀಳು ಇತ್ತು. ಸೀಳಿನಿಂದ ಸೋರಿದ ಪೆಟ್ರೋಲು ನೇರವಾಗಿ ಎಣ್ಣೆಗೆ ಇಳಿಯುತ್ತಿತ್ತು.

ಪಂಪು ಬದಲಾಯಿತು, ಎಣ್ಣೆ ಮತ್ತು ಫಿಲ್ಟರ್ ಹೊಸದಾದವು. ಖರ್ಚು ಎಂಜಿನ್ ಇಳಿಸುವ ಲೆಕ್ಕದ ಒಂದು ಚಿಕ್ಕ ಪಾಲು. ವಹಿ ಮಾತ್ರ ನಿಲ್ಲಲಿಲ್ಲ. ಈಗ ಅದರಲ್ಲಿ ಏರಿಕೆಯಿಲ್ಲ; ಸಾವಿರ ಕಿಲೋಮೀಟರಿಗೆ ಸುಮಾರು ಕಾಲು ಲೀಟರಿನಂತೆ ಎಣ್ಣೆ ಮೆಲ್ಲಗೆ ಇಳಿಯುತ್ತದೆ. ಮೊದಲ ಗ್ಯಾರೇಜಿನ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ರಿಂಗುಗಳು ವಯಸ್ಸಿಗೆ ತಕ್ಕಂತೆ ಸವೆದಿವೆ. ಕೂಡುತ್ತಿದ್ದ ಪೆಟ್ರೋಲು ಆ ಸವೆತವನ್ನು ಮುಚ್ಚಿಟ್ಟಿತ್ತು. ಆದರೆ ಇಷ್ಟು ಸವೆತಕ್ಕೆ ಒಂದು ಡಬ್ಬಿ ಎಣ್ಣೆಯನ್ನು ಡಿಕ್ಕಿಯಲ್ಲಿ ಇಟ್ಟುಕೊಂಡರೆ ಸಾಕು, ಎಂಜಿನ್ ಇಳಿಸಬೇಕಿಲ್ಲ.

ಈಚಿನ ಪೆಟ್ರೋಲ್ ಗಾಡಿಗಳಲ್ಲಿ ಪಂಪು ಟ್ಯಾಂಕಿನೊಳಗೇ ಇರುವುದರಿಂದ ಈ ದೋಷ ಕಾಣದು. ಆದರೂ ಎಣ್ಣೆ ಏರುವ ರೋಗ ಅಳಿದಿಲ್ಲ. ಹೊಗೆಯ ಮಸಿ ತಡೆಯುವ ಫಿಲ್ಟರ್ ಇರುವ ಹೊಸ ಡೀಸೆಲ್ ಕಾರುಗಳಲ್ಲಿ, ಆ ಮಸಿಯನ್ನು ಸುಡಲು ಹೆಚ್ಚಾಗಿ ಚಿಮ್ಮಿಸಿದ ಡೀಸೆಲ್ ಎಣ್ಣೆಗೆ ಇಳಿಯುವುದುಂಟು. ಸಣ್ಣ ಸಣ್ಣ ಓಡಾಟವೇ ಅಲ್ಲಿಯೂ ಅದನ್ನು ಹೆಚ್ಚಿಸುತ್ತದೆ. ಆದ್ದರಿಂದ ಗಾಡಿ ಹಳೆಯದಿರಲಿ, ಹೊಸದಿರಲಿ, ಒಂದೇ ಜಾಗ, ಒಂದೇ ಹೊತ್ತು, ಒಂದೇ ರೀತಿಯ ಅಳತೆ ಎಲ್ಲಕ್ಕೂ ಬೇಕು.

ಗುರುಗಳಿಗೆ ಇದು ಹೊಸ ಪಾಠವಾಗಿರಲಿಲ್ಲ. ಕಬ್ಬಿನ ಸುಗ್ಗಿಯಲ್ಲಿ ಹಾಜರಿ ಇಳಿದು, ಅದರ ಹಿಂದೆ ಅಂಕಗಳೂ ಇಳಿದ ಮಕ್ಕಳನ್ನು ಅವರು ವರ್ಷವರ್ಷವೂ ಕಂಡಿದ್ದರು. ಅಂಥ ಮಗು ದಡ್ಡನೆಂದು ಒಂದು ಪರೀಕ್ಷೆಯ ಮೇಲೆ ತೀರ್ಪು ಕೊಟ್ಟವರನ್ನೂ ಕಂಡಿದ್ದರು. ಹಾಗೆಯೇ ನಕಲು ಮಾಡಿ ಒಮ್ಮೆಲೇ ಏರಿದ ಅಂಕಕ್ಕೆ ಮನೆಮಂದಿ ಪೇಢೆ ಹಂಚಿದ್ದನ್ನೂ ನೋಡಿದ್ದರು. ಹಾಜರಿಯ ಪುಸ್ತಕವನ್ನೂ ಗುಣಪತ್ರಿಕೆಯನ್ನೂ ಪಕ್ಕದಲ್ಲಿಟ್ಟು ಓದಿದರೆ ಮಾತ್ರ ಕಾರಣ ಕಾಣುತ್ತಿತ್ತು. ಮೊಮ್ಮಗಳು ಈಗ ಅದೇ ವಹಿಯ ಹಿಂಬದಿಯಿಂದ ತನ್ನ ಘಟಕ ಪರೀಕ್ಷೆಗಳ ಅಂಕಗಳನ್ನು ಬರೆಯಲು ತೊಡಗಿದ್ದಾಳೆ. ಅಲ್ಲಿಯೂ ನಾಲ್ಕು ಕಲಮುಗಳಿವೆ.